ಮನೆಯಲ್ಲೇ ಕಾರು ಪಾಲಿಶ್: ಮೆಷಿನ್, ಪ್ಯಾಡು, ಬಟ್ಟೆ ಆರಿಸುವ ಕ್ರಮ, ಮೊದಲ ಬಾನೆಟ್ಟಿನವರೆಗೆ

ಆಯುಧ ಪೂಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. ಪಾಲಿಶಿಂಗ್ ಮೆಷಿನ್ ತರಿಸಿದೆ, ಕಾಂಪೌಂಡ್ (ತರಿ ಹೆಚ್ಚಿರುವ ಪಾಲಿಶ್) ಹಾಕಿ ಉಜ್ಜಿದೆ, ಶೆಡ್ಡಿನೊಳಗೆ ಕನ್ನಡಿಯ ಹಾಗಿತ್ತು, ಬಿಸಿಲಿಗೆ ತಂದರೆ ಬಾನೆಟ್ ತುಂಬ ಸುರುಳಿ ಗೆರೆ. ಮೆಷಿನ್ನಿಗೆ ಅಂಟಿಸಿ ಉಜ್ಜುವ ಪ್ಯಾಡ್ ಎಷ್ಟು ಇಟ್ಟುಕೊಂಡಿದ್ದಿರಿ ಎಂದು ಕೇಳಿದರೆ, ಮೆಷಿನ್ ಜೊತೆ ಬಂದದ್ದು ಒಂದು ಅನ್ನುತ್ತಾರೆ. ಒರೆಸಿದ್ದು ಯಾವುದರಲ್ಲಿ ಅಂದರೆ, ಮನೆಯಲ್ಲಿದ್ದ ಹಳೆಯ ಬನಿಯನ್ನು.

ಇವರಲ್ಲಿ ಹೆಚ್ಚಿನವರ ಕೈ ಚೆನ್ನಾಗಿಯೇ ಇದೆ. ಕೊಳ್ಳುವ ಕ್ರಮ ತಲೆಕೆಳಗಾಗಿದೆ. ಇದ್ದ ದುಡ್ಡೆಲ್ಲ ಮೆಷಿನ್‌ಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಪ್ಯಾಡು, ಬಟ್ಟೆ ತಂದರೆ ಬಣ್ಣ ಕೆಡುತ್ತದೆ. ನನ್ನ ಲೆಕ್ಕ ಹೀಗೆ: ಬಜೆಟ್ಟಿನ ಅರ್ಧ ಮಾತ್ರ ಮೆಷಿನ್‌ಗೆ, ಉಳಿದರ್ಧ ಪ್ಯಾಡು, ಬಟ್ಟೆ, ಬೆಳಕು, ತೊಳೆಯುವ ಸಾಮಾನಿಗೆ. ಅಷ್ಟರಲ್ಲಿ ಒಳ್ಳೆಯ ಮೆಷಿನ್ ಸಿಗದಿದ್ದರೆ ಎರಡು ತಿಂಗಳು ಕಾಯಿರಿ. ಪಾಲಿಶ್‌ಗೆ ಅವಸರವಿಲ್ಲ, ಹೋದ ಬಣ್ಣ ಮತ್ತೆ ಬರುವುದಿಲ್ಲ.

ಹಂತ 1: ಅಂಗಡಿಗೆ ಹೋಗುವ ಮೊದಲು ಕಾರಿನ ಬಣ್ಣ ನೋಡಿ

ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಪ್ರೈಮರ್ (ತಳಬಣ್ಣ), ಬಣ್ಣ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್. ಒಂದು ತಲೆಗೂದಲೇ ಸುಮಾರು 70 ಮೈಕ್ರಾನ್. ನೀವು ಕೆಲಸ ಮಾಡುವ ಪದರ ಕೂದಲಿಗಿಂತ ತೆಳು ಎಂಬುದು ಸದಾ ನೆನಪಿರಲಿ. ಪಾಲಿಶ್ ಮಾಡುವುದೆಂದರೆ ಗೆರೆಯನ್ನು ತುಂಬುವುದಲ್ಲ, ಗೆರೆಯ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಗೆರೆಯ ತಳದವರೆಗೆ ಸವೆಸುವುದು. ಬಿಸಿಲಿನಿಂದ ಬಣ್ಣವನ್ನು ಕಾಯುವ ರಾಸಾಯನಿಕ ಇರುವುದೂ ಈ ಪದರದಲ್ಲೇ. ಅತಿಯಾಗಿ ತೆಗೆದರೆ ಮುಂದೊಂದು ದಿನ ರೂಫ್ ಮೇಲೆ ಸಿಪ್ಪೆ ಏಳುತ್ತದೆ.

ಬೆಳಗಿನ ಬಿಸಿಲಲ್ಲಿ ಕಾರು ನಿಲ್ಲಿಸಿ, ಒಂದೊಂದು ಭಾಗವನ್ನೂ ನೋಡುತ್ತ ಸುತ್ತಾಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ಕಾಣುವ ಸಣ್ಣ ಗೆರೆಗಳು ಪಾಲಿಶ್‌ಗೆ ಹೋಗುತ್ತವೆ. ಗೆರೆಯ ಮೇಲೆ ಉಗುರನ್ನು ಅಡ್ಡಡ್ಡ ಎಳೆದಾಗ ಸಿಕ್ಕಿಕೊಂಡರೆ ಅದು ಹೋಗುವುದಿಲ್ಲ, ಬೆನ್ನು ಹತ್ತಬೇಡಿ. ಹಬ್ಬಕ್ಕೆ ಬಂಪರ್‌ಗೆ ಕಟ್ಟಿದ ಬಾಳೆಕಂದು ದಾರಿಯುದ್ದಕ್ಕೂ ಉಜ್ಜಿ ಮಾಡಿದ ಗೀರುಗಳು ಎರಡೂ ಥರ ಇರುತ್ತವೆ, ಒಂದೊಂದನ್ನೂ ಉಗುರಿನಲ್ಲಿ ನೋಡಿ.

ಟಿಂಕರಿಂಗ್ ಆಗಿ ಮತ್ತೆ ಬಣ್ಣ ಹೊಡೆದ ಡೋರು, ಮಡ್‌ಗಾರ್ಡ್ ಇದ್ದರೆ ಗುರುತು ಮಾಡಿಕೊಳ್ಳಿ. ಅಲ್ಲಿ ಬಣ್ಣ ದಪ್ಪವಿರಬಹುದು, ಮೃದುವೂ ಇರಬಹುದು, ಉಳಿದ ಕಾರಿನ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಾದರೆ ಇಲ್ಲೇ ನಿಲ್ಲಿಸಿ. ಮ್ಯಾಟ್ ಮೇಲೆ ಪಾಲಿಶ್ ಹಾಕಿದರೆ ಅಲ್ಲಲ್ಲಿ ಹೊಳೆಯುವ ತೇಪೆ ಬೀಳುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಹಂತ 2: ಮೆಷಿನ್ ಬಗೆ ಆರಿಸಿ

ಅಂಗಡಿಯಲ್ಲಿ ಪಾಲಿಶರ್ ಎಂಬ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಸಿಗುತ್ತದೆ. ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ.

ಕಬ್ಬಿಣ ಕತ್ತರಿಸುವ ನಾಲ್ಕಿಂಚಿನ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿ ಮಾರುತ್ತಾರೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್‌ಗೆಂದೇ ಮಾಡಿದ ರೋಟರಿ ಮೆಷಿನ್ ಕೂಡ 600ರಿಂದ 3,000 ಸುತ್ತಿನೊಳಗೇ ಇರುತ್ತದೆ. ಗ್ರೈಂಡರ್ ಕ್ಲಿಯರ್ ಕೋಟನ್ನು ಕ್ಷಣಮಾತ್ರದಲ್ಲಿ ಸುಡುತ್ತದೆ, ದಯವಿಟ್ಟು ಮುಟ್ಟಬೇಡಿ. ಡ್ರಿಲ್‌ಗೆ ಹಾಕುವ ಸ್ಪಂಜಿನ ಕಿಟ್ ಹೆಡ್‌ಲೈಟಿಗೆ ಸಾಕು, ಬಾನೆಟ್‌ಗೆ ಅಲ್ಲ. ದೊಡ್ಡ ತಟ್ಟೆಗೆ ಟೋಪಿಯಂಥ ಬಟ್ಟೆ ತೊಡಿಸುವ, ಎರಡು ಕೈಯಲ್ಲಿ ಹಿಡಿಯುವ ಅಗ್ಗದ ಮೆಷಿನ್ ವ್ಯಾಕ್ಸ್ ಹರಡುತ್ತದೆ ಅಷ್ಟೇ. ಗೆರೆ ತೆಗೆಯುವ ಶಕ್ತಿ ಅದಕ್ಕಿಲ್ಲ.

ಉಳಿದದ್ದು ಎರಡು. ರೋಟರಿ ಒಂದೇ ಅಕ್ಷದ ಮೇಲೆ ಗಿರಗಿರನೆ ತಿರುಗುತ್ತದೆ. ಎಷ್ಟು ಒತ್ತಿದರೂ ನಿಲ್ಲುವುದಿಲ್ಲ, ಆದ್ದರಿಂದ ಒಂದೇ ಜಾಗದಲ್ಲಿ ಬಿಸಿ ಕೂಡುತ್ತದೆ. ಪಳಗದ ಕೈಯಲ್ಲಿ ಬಿಸಿಲಿಗೆ ಮಾತ್ರ ಕಾಣುವ ಅಲೆ ಅಲೆಯಾದ ಗೆರೆಗಳನ್ನು ಬಿಟ್ಟುಹೋಗುತ್ತದೆ. ಗ್ಯಾರೇಜಿನಲ್ಲಿ ರಬ್ಬಿಂಗ್ ಮಾಡಿಸಿಕೊಂಡು ಬಂದ ಕಾರುಗಳಲ್ಲಿ ನೀವು ನೋಡಿರುವುದು ಇದೇ.

ಡ್ಯುಯಲ್ ಆ್ಯಕ್ಷನ್, ಅಂದರೆ ಡಿಎ ಮೆಷಿನ್ ತಿರುಗುತ್ತಲೇ ಓಲಾಡುತ್ತದೆ. ಪ್ಯಾಡ್ ತನ್ನಷ್ಟಕ್ಕೆ ಬಿಡುವಾಗಿ ತಿರುಗುವುದರಿಂದ, ಹೆಚ್ಚು ಒತ್ತಿದರೆ ಅಥವಾ ಅಂಚಿಗೆ ಸಿಕ್ಕಿದರೆ ತಿರುಗುವುದು ನಿಂತು ಬರೀ ನಡುಗುತ್ತದೆ. ಹೊಸಬರನ್ನು ಕಾಪಾಡುವುದು ಈ ಗುಣವೇ. ಮೊದಲ ಮೆಷಿನ್ ಡಿಎ ಆಗಿರಲಿ, ಈ ಮಾತಿನಲ್ಲಿ ನನಗೆ ಎರಡನೆಯ ಯೋಚನೆ ಇಲ್ಲ. ಗೇರ್ ಮೂಲಕ ಬಲವಂತವಾಗಿ ತಿರುಗಿಸುವ ಡಿಎ ಕೂಡ ಇದೆ, ಅದು ಸಿಕ್ಕಿಕೊಂಡರೂ ನಿಲ್ಲುವುದಿಲ್ಲ. ಅದು ನಂತರದ ಮಾತು.

ಹಂತ 3: ಅಂಗಡಿಯಲ್ಲಿ ಏನು ಪರೀಕ್ಷಿಸಬೇಕು

ಡಿಎ ಮೆಷಿನ್ ಮೇಲೆ 8, 15, 21 ಎಂಬ ಮಿಲಿಮೀಟರ್ ಸಂಖ್ಯೆ ಬರೆದಿರುತ್ತದೆ. ಪ್ಯಾಡ್ ಎಷ್ಟು ಅಗಲ ಓಲಾಡುತ್ತದೆ ಎಂಬ ಲೆಕ್ಕ ಅದು, ಥ್ರೋ ಅನ್ನುತ್ತಾರೆ. ಹೆಚ್ಚಾದಷ್ಟೂ ಕೆಲಸ ಬೇಗ ಸಾಗುತ್ತದೆ, ಆದರೆ ಉಬ್ಬುತಗ್ಗಿನ ಮೇಲೆ ಪ್ಯಾಡ್ ನಿಂತುಬಿಡುವುದೂ ಹೆಚ್ಚುತ್ತದೆ. 21 ದೊಡ್ಡ ಸಪಾಟು ಬಾನೆಟ್ಟಿಗೆ ಚೆನ್ನ. ನಮ್ಮಲ್ಲಿ ಹೆಚ್ಚಾಗಿ ಓಡುವ ಹ್ಯಾಚ್‌ಬ್ಯಾಕ್‌ಗಳ ಸಣ್ಣ, ಬಾಗಿದ ಭಾಗಗಳಿಗೆ 15 ಮಿಲಿಮೀಟರ್ ಹದ. ಹಣ ಕಡಿಮೆ ಇದ್ದರೆ 8 ಕೂಡ ಕೆಲಸ ಮಾಡುತ್ತದೆ, ಸಮಯ ಹೆಚ್ಚು ತಿನ್ನುತ್ತದೆ.

ಪ್ಯಾಡ್ ಅಂಟುವ ಹಿಂಬದಿ ತಟ್ಟೆಗೆ ಬ್ಯಾಕಿಂಗ್ ಪ್ಲೇಟ್ ಎಂದು ಹೆಸರು. ಅದು ಐದಿಂಚಿನದಿರಲಿ. ಬಿಡಿಯಾಗಿ ಸಿಗುತ್ತದೆಯೇ, ಅದರ ತಿರುಪಿನ ಥ್ರೆಡ್ ಯಾವ ಅಳತೆಯದು ಎಂದು ಕೇಳಿಕೊಳ್ಳಿ. ರೋಟರಿಯ ಪ್ಲೇಟು ಡಿಎಗೆ ಕೂರುವುದಿಲ್ಲ. ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ ಕೂಡ ಇಲ್ಲೇ ಸಿಗುವ ಕಂಪನಿಯನ್ನು ನೋಡಿ.

ತೂಕ ಎರಡೂವರೆ ಕೆಜಿ ಆಸುಪಾಸು ಇದ್ದರೆ ಡೋರುಗಳಿಗೆ ಹಿಡಿದಾಗ ಭುಜ ತಡೆಯುತ್ತದೆ. ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಪ್ಯಾಡ್ ಹಾಕಿ, ಸಪಾಟು ಜಾಗದ ಮೇಲೆ ಇಟ್ಟು, ನಾಲ್ಕನೇ ವೇಗದಲ್ಲಿ ಎರಡು ನಿಮಿಷ ಓಡಿಸಿ. ಬಿಟ್ಟ ಮೇಲೂ ಬೆರಳು ಜುಮುಜುಮು ಅನ್ನುತ್ತಿದ್ದರೆ ಆ ಮೆಷಿನ್ ಬೇಡ, ನೀವು ಅದನ್ನು ಆರೇಳು ಗಂಟೆ ಹಿಡಿಯಬೇಕು. ನಿಧಾನವಾಗಿ ವೇಗ ಏರಿಸಿಕೊಳ್ಳುವ ಸ್ಟಾರ್ಟ್ ಇದ್ದರೆ ಪ್ಯಾಡಿನ ಮೇಲಿನ ಪಾಲಿಶ್ ಗೋಡೆಗೆ ಸಿಡಿಯುವುದಿಲ್ಲ. ಬ್ಯಾಟರಿ ಮೆಷಿನ್ ಈಗಲೇ ಬೇಡ, ಇಡೀ ಕಾರಿಗೆ ಎರಡು ಮೂರು ಬ್ಯಾಟರಿ ಬೇಕಾಗುತ್ತದೆ.

ಅಮೆರಿಕದಿಂದ ಬರುವ ಅಣ್ಣನೋ ಅಕ್ಕನೋ ತಂದುಕೊಡುತ್ತಾರೆ ಎಂದಿದ್ದರೆ ಒಂದು ಎಚ್ಚರಿಕೆ. ಅಲ್ಲಿಯ ಮೆಷಿನ್ 120 ವೋಲ್ಟಿನದು, ನಮ್ಮ ಪ್ಲಗ್ಗಿನಲ್ಲಿ 230. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ, ಹಾಕಿದ ತಕ್ಷಣ ಮೆಷಿನ್ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ಇಲ್ಲಿಯೇ ಕೊಂಡಷ್ಟು ಖರ್ಚಾಗುತ್ತದೆ.

ಮೆಷಿನ್ ಮನೆಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ: ಬ್ಯಾಕಿಂಗ್ ಪ್ಲೇಟಿನ ಬದಿಯಲ್ಲಿ ಕಪ್ಪು ಮಾರ್ಕರ್‌ನಿಂದ ಒಂದು ದಪ್ಪ ಗೀಟು ಎಳೆಯಿರಿ. ಕೆಲಸ ಮಾಡುವಾಗ ಆ ಗೀಟು ಸುತ್ತುತ್ತಿರುವುದು ಕಣ್ಣಿಗೆ ಕಾಣಬೇಕು. ಗೀಟು ಒಂದೇ ಕಡೆ ನಿಂತು ಮಸುಕಾಗಿ ನಡುಗಿದರೆ ಪ್ಯಾಡ್ ತಿರುಗುತ್ತಿಲ್ಲ, ಬರೀ ಕರೆಂಟು ಸುಡುತ್ತಿದೆ ಎಂದು ಅರ್ಥ. ಎಷ್ಟು ಒತ್ತಬೇಕು, ಮೆಷಿನ್ ಎಷ್ಟು ವಾಲಿದೆ ಎಂಬುದನ್ನು ನಾನು ಕಲಿತದ್ದು ಈ ಗೀಟಿನಿಂದ.

ಹಂತ 4: ಪ್ಯಾಡು, ಇಲ್ಲಿ ಜಿಪುಣತನ ಬೇಡ

ಸೋಲುವವರು ಸೋಲುವುದು ಇಲ್ಲೇ. ಒಂದು ಪ್ಯಾಡಿನಲ್ಲಿ ಇಡೀ ಕಾರು ಮುಗಿಸಲು ಹೋದರೆ, ಕಿತ್ತುಬಂದ ಕ್ಲಿಯರ್ ಕೋಟ್ ಮತ್ತು ಒಣಗಿದ ಕಾಂಪೌಂಡ್ ಅದರಲ್ಲಿ ತುಂಬಿ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಅದು ಗೆರೆ ತೆಗೆಯುವುದಿಲ್ಲ, ಹೊಸ ಗೆರೆ ಹಾಕುತ್ತದೆ. ಜೊತೆಗೆ ಫೋಮಿನ ನಡುವೆ ಬಿಸಿ ಕೂತು ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ.

ಐದಿಂಚಿನ ಪ್ಲೇಟಿಗೆ ಐದೂವರೆ ಇಂಚಿನ ಪ್ಯಾಡ್. ಆ ಅರ್ಧ ಇಂಚು ಹೆಚ್ಚಿದ್ದರೆ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ತಾಗುವುದಿಲ್ಲ. ಮೊದಲ ಖರೀದಿಗೆ ನನ್ನ ಪಟ್ಟಿ: ಮಧ್ಯಮ ಗಡಸಿನ ಪಾಲಿಶಿಂಗ್ ಫೋಮ್ ನಾಲ್ಕು, ಮೃದುವಾದ ಫಿನಿಶಿಂಗ್ ಫೋಮ್ ಎರಡು, ಹಠಮಾರಿ ಗೆರೆಗೆಂದು ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಎರಡು. ಉಣ್ಣೆ ಬೇಡ.

ಪ್ಯಾಡಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಳದಿ ಇನ್ನೊಂದು ಕಂಪನಿಯ ಹಳದಿಯಂತಿರುವುದಿಲ್ಲ. ಬೆರಳಲ್ಲಿ ಒತ್ತಿ ಗಡಸು ನೋಡಿ, ಹಿಂದೆ ಬರೆದದ್ದನ್ನು ಓದಿ. ತುಂಬ ದಪ್ಪನೆಯ ಪ್ಯಾಡ್ ಮೆಷಿನ್ನಿನ ಓಲಾಟವನ್ನೆಲ್ಲ ತಾನೇ ನುಂಗಿಬಿಡುತ್ತದೆ, ತೆಳ್ಳಗಿನದೇ ವಾಸಿ. ಪ್ಯಾಡ್ ಉಜ್ಜುವ ಬ್ರಷ್ ಒಂದನ್ನು ಮರೆಯದೆ ತನ್ನಿ.

ಹಂತ 5: ಕಾಂಪೌಂಡ್ ಮತ್ತು ಪಾಲಿಶ್

ಎರಡು ಬಾಟಲಿ ಸಾಕು: ಮಧ್ಯಮ ಪಾಲಿಶ್ ಒಂದು, ಫಿನಿಶಿಂಗ್ ಪಾಲಿಶ್ ಒಂದು. 250 ಮಿಲಿ ಬಾಟಲಿ ಹಲವು ಕಾರಿಗೆ ಬರುತ್ತದೆ, ಲೀಟರುಗಟ್ಟಲೆ ತಂದು ಗಟ್ಟಿಯಾಗಿಸಬೇಡಿ. ಎರಡೂ ಒಂದೇ ಕಂಪನಿಯದಾದರೆ ಒಂದಕ್ಕೊಂದು ಹೊಂದುತ್ತದೆ.

ಬಣ್ಣದ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಪೇಸ್ಟಿನಂಥ ರಬ್ಬಿಂಗ್ ಕಾಂಪೌಂಡ್ ಟಿಂಕರಿಂಗ್ ಶೆಡ್ಡಿನಲ್ಲಿ ಸ್ಯಾಂಡ್ ಪೇಪರ್ ಹೊಡೆದ ಬಣ್ಣಕ್ಕೆಂದು ಇರುವುದು. ತೀರಾ ತರಿ. ನಿಮ್ಮ ಕಾರಿನ ಜೇಡರಬಲೆ ಗೆರೆಗೆ ಅದು ಬೇಡ. ಎಣ್ಣೆ, ವ್ಯಾಕ್ಸ್ ತುಂಬಿದ ಪಾಲಿಶ್ ಕೂಡ ಬೇಡ. ಅದು ಗೆರೆಯನ್ನು ಮುಚ್ಚಿಟ್ಟು ನಾಲ್ಕು ಸಲ ತೊಳೆಯುವಷ್ಟರಲ್ಲಿ ಮತ್ತೆ ತೋರಿಸುತ್ತದೆ.

ಈ ಮುಚ್ಚುಮರೆ ಹಿಡಿಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಒಂದು ಪಾಲಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಡಿ. ಪಾಲಿಶ್ ಆದ ಜಾಗಕ್ಕೆ ಹೊಡೆದು ಒರೆಸಿದರೆ ಎಣ್ಣೆಯೆಲ್ಲ ಹೋಗಿ ಬಣ್ಣದ ನಿಜ ಸ್ಥಿತಿ ಕಾಣುತ್ತದೆ. ಬೆಂಕಿಯಿಂದ ದೂರವಿಡಿ.

ಹಂತ 6: ಬಟ್ಟೆ, ಬೆಳಕು, ಟೇಪು

ಮೈಕ್ರೋಫೈಬರ್ ಬಟ್ಟೆ ಕನಿಷ್ಠ ಹನ್ನೆರಡು. 300ರಿಂದ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಅಂಚಿಗೆ ಗಟ್ಟಿ ಹೊಲಿಗೆ ಇಲ್ಲದ್ದು. ಲೇಬಲ್ ಇದ್ದರೆ ಕತ್ತರಿಸದೆ ಪೂರಾ ಕಿತ್ತುಹಾಕಿ. ಕೊಂಡ ದಿನವೇ ಒಮ್ಮೆ ತೊಳೆಯಿರಿ, ಆದರೆ ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಬೇಡಿ, ಹತ್ತಿ ಬಟ್ಟೆಯ ಜೊತೆ ಸೇರಿಸಬೇಡಿ. ಕೆಳಗೆ ಬಿದ್ದ ಬಟ್ಟೆ ಆವತ್ತು ಕಾರಿಗೆ ವಾಪಸ್ ಬರಬಾರದು. ಒಂದೇ ಒಂದು ಮರಳಿನ ಕಣ ಅರ್ಧ ದಿನದ ಕೆಲಸ ಕೆಡಿಸುತ್ತದೆ.

ಟ್ಯೂಬ್‌ಲೈಟಿನಲ್ಲಿ ಗೆರೆ ಕಾಣುವುದಿಲ್ಲ. ಒಂದೇ ಬಿಂದುವಿನಿಂದ ಬೆಳಕು ಬೀರುವ ಒಳ್ಳೆಯ ಎಲ್‌ಇಡಿ ಟಾರ್ಚ್ ಬೇಕು. ಬಣ್ಣದ ಅಂಗಡಿಯ ಮಾಸ್ಕಿಂಗ್ ಟೇಪ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಮೂರು ಪಿನ್ನಿನ ಗಟ್ಟಿ ಎಕ್ಸ್‌ಟೆನ್ಷನ್ ವೈರ್ ಸೇರಿಸಿಕೊಳ್ಳಿ.

ಹಂತ 7: ಮೆಷಿನ್ ಮುಟ್ಟುವ ಮೊದಲು ತೊಳೆಯಿರಿ, ಕ್ಲೇ ಮಾಡಿ

ಅಪಾರ್ಟ್‌ಮೆಂಟುಗಳಲ್ಲಿ ದಿನಾ ಬೆಳಗ್ಗೆ ಒಂದೇ ಬಕೆಟ್ಟಿನ ನೀರು, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸುತ್ತಾರಲ್ಲ, ಸುರುಳಿ ಗೆರೆಯ ಬಹುಪಾಲು ಹುಟ್ಟುವುದು ಅಲ್ಲಿ. ಪಾಲಿಶ್ ಮಾಡಿದ ಮೇಲೂ ಅದೇ ಮುಂದುವರಿದರೆ ನಿಮ್ಮ ಕೆಲಸ ಒಂದು ತಿಂಗಳೂ ನಿಲ್ಲುವುದಿಲ್ಲ. ಒರೆಸುವವರಿಗೆ ಬೇಸರವಾಗದಂತೆ ಹೇಳಿ: ಗಾಜು, ಟೈರು ಸಾಕು, ಬಾಡಿ ನಾನು ನೋಡಿಕೊಳ್ಳುತ್ತೇನೆ.

ನೀರಿನ ವಿಷಯಕ್ಕೂ ದಾರಿ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು. ಹಾಗೆಂದು ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ. ರಿನ್ಸ್‌ಲೆಸ್ ಶಾಂಪೂ (ಆಮೇಲೆ ನೀರು ಹುಯ್ದು ತೊಳೆಯಬೇಕಿಲ್ಲದ್ದು) ಬೆರೆಸಿದ ಒಂದು ಬಕೆಟ್ ನೀರು, ಆರೇಳು ಮೈಕ್ರೋಫೈಬರ್ ಬಟ್ಟೆ ಇದ್ದರೆ ಪೈಪ್ ಹಿಡಿಯದೆ ಕಾರು ಶುದ್ಧವಾಗುತ್ತದೆ. ಒಂದು ಬಟ್ಟೆಯ ಒಂದು ಮಗ್ಗುಲು ಒಂದು ಭಾಗಕ್ಕೆ, ಮತ್ತೆ ಬಕೆಟ್ಟಿಗೆ ಅದ್ದಬಾರದು. ಆದರೆ ಕೆಸರು ಮೆತ್ತಿದ ಕಾರಿಗೆ ಮೊದಲು ನೀರು ಬಿಟ್ಟು ಕೆಸರು ಇಳಿಸಲೇಬೇಕು.

ಒಣಗಿದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯನ್ನು ಬಾನೆಟ್ ಮೇಲೆ ಹಗುರಾಗಿ ಸವರಿ. ಬರಿಗೈಗೆ ನುಣ್ಣಗೆ ತೋರಿದ ಜಾಗವೇ ಈಗ ಸಣ್ಣ ರವೆ ಚೆಲ್ಲಿದ ಹಾಗೆ ತರಿತರಿ ಅನ್ನಿಸುತ್ತದೆ. ಅದು ಬಣ್ಣಕ್ಕೆ ಕಚ್ಚಿಕೊಂಡ ಬ್ರೇಕಿನ ಕಬ್ಬಿಣದ ಪುಡಿ, ಟಾರು, ಮರದ ಅಂಟು. ಕಬ್ಬಿಣದ ಪುಡಿ ಕರಗಿಸುವ ಐರನ್ ರಿಮೂವರ್ ದ್ರವ ಹೊಡೆದರೆ ಕಬ್ಬಿಣ ಇರುವಲ್ಲಿ ನೇರಳೆ ಬಣ್ಣ ಇಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಉಳಿದದ್ದನ್ನು ಕ್ಲೇ ಬಾರ್‌ನಿಂದ (ಅಂಟಿದ ಕಣ ಎತ್ತಿಕೊಳ್ಳುವ, ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ), ಧಾರಾಳವಾಗಿ ಜಾರುದ್ರವ ಹೊಡೆದು, ಒತ್ತದೆ, ನೇರ ಗೆರೆಯಲ್ಲಿ ಎಳೆದು ತೆಗೆಯಿರಿ. ಕ್ಲೇ ಕೆಳಗೆ ಬಿದ್ದರೆ ಕಸದ ಬುಟ್ಟಿಗೆ.

ಕೊನೆಗೆ ಟೇಪು. ಕಪ್ಪು ಪ್ಲಾಸ್ಟಿಕ್ ಭಾಗ, ರಬ್ಬರ್ ಬೀಡಿಂಗ್, ಲೋಗೋ, ಬಾಡಿಯ ಚೂಪು ಅಂಚುಗಳಿಗೆಲ್ಲ ಅಂಟಿಸಿ. ಪ್ಲಾಸ್ಟಿಕ್ ಮೇಲೆ ಕಾಂಪೌಂಡ್ ಒಣಗಿದರೆ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅಂಚಿನ ಮಾತು ಇನ್ನೂ ಗಂಭೀರ. ನನ್ನ ಭಾವನ ಕಪ್ಪು ಕಾರಿನ ಬಾನೆಟ್ ಅಂಚಿಗೆ ನಾನೊಮ್ಮೆ ಟೇಪು ಹಾಕದೆ ಕೂತೆ. ಅಂಚಿನಲ್ಲಿ ಬಣ್ಣ ಮೊದಲೇ ತೆಳು, ಪ್ಯಾಡಿನ ಒತ್ತಡವೆಲ್ಲ ಆ ಎಳೆಯ ಮೇಲೆ ಬೀಳುತ್ತದೆ. ಬೆರಳಗಲ ಉದ್ದಕ್ಕೆ ಪ್ರೈಮರ್ ಕಂಡಿತು. ಆ ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಬೇಕಾಯಿತು.

ಹಂತ 8: ಒಂದು ಚೌಕದಲ್ಲಿ ಪರೀಕ್ಷೆ

ನೆರಳಲ್ಲಿ, ಬಾನೆಟ್ ಪೂರ್ತಿ ತಣ್ಣಗಿದ್ದಾಗ ಶುರು ಮಾಡಿ. ಬಿಸಿ ಬಾನೆಟ್ ಮೇಲೆ ಪಾಲಿಶ್ ಕ್ಷಣದಲ್ಲಿ ಒಣಗಿ ಅಂಟುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಆ ದಿನದ ಕೆಲಸ ನಿಲ್ಲಿಸಿಬಿಡಿ. ವಾಚು, ಉಂಗುರ, ಬೆಲ್ಟಿನ ಬಕಲ್ ತೆಗೆದಿಟ್ಟು, ವೈರನ್ನು ಭುಜದ ಮೇಲಿಂದ ಹಿಂದಕ್ಕೆ ಇಳಿಬಿಡಿ.

ಬಾನೆಟ್ ನಡುವೆ ಒಂದೂವರೆ ಅಡಿ ಚೌಕಕ್ಕೆ ಟೇಪು ಹಾಕಿ. ಮಧ್ಯಮ ಪಾಲಿಶನ್ನು ಮಧ್ಯಮ ಗಡಸಿನ ಫೋಮ್ ಪ್ಯಾಡಿನ ಮುಖಕ್ಕೆಲ್ಲ ಬೆರಳಲ್ಲಿ ತೆಳ್ಳಗೆ ಸವರಿ, ಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಹನಿ ಇಡಿ. ಪ್ಯಾಡನ್ನು ಬಣ್ಣಕ್ಕೆ ತಾಗಿಸಿದ ಮೇಲೆಯೇ ಸ್ವಿಚ್. ಒಂದನೇ ವೇಗದಲ್ಲಿ ಹರಡಿ, ನಾಲ್ಕಕ್ಕೋ ಐದಕ್ಕೋ ಏರಿಸಿ. ಮೆಷಿನ್ನಿನ ತೂಕಕ್ಕೆ ಸ್ವಲ್ಪ ಕೈಯ ಭಾರ ಸೇರಿದರೆ ಸಾಕು. ಸೆಕೆಂಡಿಗೆ ಒಂದಿಂಚಿನಂತೆ ಎಳೆಯಿರಿ, ಒಂದು ಸಾಲಿನ ಅರ್ಧವನ್ನು ಮುಂದಿನ ಸಾಲು ಮುಚ್ಚಲಿ. ಒಮ್ಮೆ ಅಡ್ಡ, ಒಮ್ಮೆ ಉದ್ದ. ಹೀಗೆ ನಾಲ್ಕರಿಂದ ಆರು ಸಲ. ಮೆಷಿನ್ ನಿಲ್ಲಿಸಿದ ಮೇಲೆ ಎತ್ತಿ.

ಒರೆಸಿ, ಆಲ್ಕೋಹಾಲ್ ಹೊಡೆದು ಮತ್ತೆ ಒರೆಸಿ, ಟಾರ್ಚ್ ಹಿಡಿಯಿರಿ. ಗೆರೆ ಹೋಗಿದ್ದರೆ ನಿಮ್ಮ ಪ್ಯಾಡು, ಪಾಲಿಶಿನ ಜೋಡಿ ಸಿಕ್ಕಿತು, ಇಡೀ ಕಾರಿಗೆ ಅದೇ. ಉಳಿದಿದ್ದರೆ ಅದೇ ಪಾಲಿಶ್ ಇಟ್ಟುಕೊಂಡು ಪ್ಯಾಡ್ ಮಾತ್ರ ಮೈಕ್ರೋಫೈಬರ್‌ಗೆ ಬದಲಿಸಿ ನೋಡಿ. ಮೊದಲೇ ತರಿ ಜೋಡಿಯಿಂದ ಶುರು ಮಾಡಬೇಡಿ, ಅದರ ಅವಶ್ಯಕತೆ ಇಲ್ಲದಿದ್ದರೂ ಕ್ಲಿಯರ್ ಕೋಟ್ ಕಳೆದುಕೊಂಡಿರುತ್ತೀರಿ. ಗೆರೆ ಹೋಗಿ ಮಂಜಿನಂಥ ಮಬ್ಬು ಉಳಿದರೆ ಗಾಬರಿ ಬೇಡ. ತರಿ ಪ್ಯಾಡಿನ ಗುರುತು ಅದು, ಫಿನಿಶಿಂಗ್ ಫೋಮ್ ಮತ್ತು ಫಿನಿಶಿಂಗ್ ಪಾಲಿಶ್‌ಗೆ ಹೋಗುತ್ತದೆ. ಶೇಕಡಾ 80ರಷ್ಟು ಗೆರೆ ಹೋದರೆ ಅಲ್ಲಿಗೆ ತೃಪ್ತಿಪಡಿ. ದಿನಾ ಓಡುವ ಕಾರಿಗೆ ಕ್ಲಿಯರ್ ಕೋಟ್ ಉಳಿಸುವುದೇ ಮುಖ್ಯ.

ಹಂತ 9: ಇಡೀ ಕಾರು

ರೂಫ್, ಬಾನೆಟ್, ಡಿಕ್ಕಿ, ಆಮೇಲೆ ಡೋರು, ಕೊನೆಗೆ ಬಂಪರ್. ಪ್ರತಿ ಚೌಕ ಆದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ, ಎರಡು ಮೂರು ಭಾಗಕ್ಕೊಮ್ಮೆ ಹೊಸ ಪ್ಯಾಡ್. ಒಂದು ಪ್ಯಾಡಿಗೆ ಒಂದೇ ಪಾಲಿಶ್. ಬಂಪರ್ ಪ್ಲಾಸ್ಟಿಕ್ಕಿನದು, ಬಿಸಿ ಬೇಗ ಹೊರಗೆ ಹೋಗುವುದಿಲ್ಲ, ವೇಗ ಇಳಿಸಿ. ಹೊಸಬರಿಗೆ ಒಂದು ಹ್ಯಾಚ್‌ಬ್ಯಾಕ್‌ಗೆ ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ದಣಿದ ಕೈ ಮೆಷಿನ್ನನ್ನು ವಾಲಿಸುತ್ತದೆ.

ತಕ್ಷಣ ಸ್ವಿಚ್ ಆಫ್ ಮಾಡಬೇಕಾದ ಸಂದರ್ಭಗಳು:

ಬಣ್ಣದ ಮೇಲೆ ಅಂಗೈ ಇಟ್ಟರೆ ತಡೆಯಲಾರದಷ್ಟು ಬಿಸಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಪ್ಯಾಡ್ ಕೀರಲು ದನಿ ಮಾಡಿದರೆ ಪಾಲಿಶ್ ಒಣಗಿದೆ. ಬಿಳಿ ಪುಡಿ ಹಾರುತ್ತಿದ್ದರೆ ಒಂದೋ ಪಾಲಿಶ್ ಹೆಚ್ಚಾಗಿದೆ, ಇಲ್ಲವೇ ಒಣಗಿದ ಮೇಲೂ ಉಜ್ಜುತ್ತಿದ್ದೀರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ಯಾಡಿನ ಮೇಲೆ ಕಾರಿನ ಬಣ್ಣ ಕಾಣಿಸಿಕೊಳ್ಳುವುದು. ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಬಣ್ಣವಾದರೆ ಅದು ಸಹಜ, ಮೊದಲ ಚೌಕದಲ್ಲೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಬರದಿದ್ದ ಬಣ್ಣ ಮಧ್ಯದಲ್ಲಿ ಬರಲು ಶುರುವಾದರೆ ಕ್ಲಿಯರ್ ಕೋಟ್ ಮುಗಿದಿದೆ. ಆ ಜಾಗವನ್ನು ಮತ್ತೆ ಮುಟ್ಟಬೇಡಿ.

ಹಂತ 10: ಮೇಲ್ಪದರ, ನಂತರ ಪ್ಯಾಡಿನ ಆರೈಕೆ

ಪಾಲಿಶ್ ಆದ ಬಣ್ಣ ಬೆತ್ತಲೆ. ಆಲ್ಕೋಹಾಲಿನಿಂದ ಇಡೀ ಕಾರು ಒರೆಸಿ, ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್ (ಬಣ್ಣ ಕಾಯುವ ಸಿಂಥೆಟಿಕ್ ಲೇಪ) ಹಚ್ಚಿ. ಮೊದಲ ಸಲಕ್ಕೆ ಸೀಲಂಟ್ ಸುಲಭ, ತೆಳ್ಳಗೆ ಹಚ್ಚಿ ಒರೆಸಿದರೆ ಮುಗಿಯಿತು. ಸೆರಾಮಿಕ್ ಕೋಟಿಂಗ್ ಕೈ ಪಳಗಿದ ಮೇಲೆ ಇರಲಿ. ಅದನ್ನು ಸರಿಯಾಗಿ ಒರೆಸದೆ ಒಣಗಿಸಿದರೆ ತೆಗೆಯಲು ಮತ್ತೆ ಪಾಲಿಶ್ ಮಾಡಬೇಕು.

ಪ್ಯಾಡುಗಳನ್ನು ಅಂದೇ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆರಳಲ್ಲಿ ಒತ್ತಿ ಒತ್ತಿ ತೊಳೆಯಿರಿ. ಹಿಂಡಿ ತಿರುಚಬೇಡಿ, ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ. ವೆಲ್ಕ್ರೋ ಮುಖ ಮೇಲಾಗಿ, ಫೋಮ್ ಕೆಳಗಾಗಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಗಡಸಿನ ಪ್ರಕಾರ ಬೇರೆ ಬೇರೆ ಜಿಪ್ ಕವರಿನಲ್ಲಿಟ್ಟು, ಯಾವ ಪಾಲಿಶ್‌ಗೆ ಬಳಸಿದ್ದು ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಮೆಷಿನ್ ಇಡುವಾಗ ಪ್ಯಾಡ್ ಕಳಚಿ. ಪ್ಯಾಡ್ ಮೇಲೆಯೇ ಭಾರ ಬಿಟ್ಟು ಇಟ್ಟರೆ ಫೋಮ್ ಒಂದು ಕಡೆ ಚಪ್ಪಟೆಯಾಗುತ್ತದೆ, ಮುಂದಿನ ಸಲ ಕೈ ನಡುಗುವುದು ಅದರಿಂದಲೇ.